ಸಗಣಿ ಹೊಂಡದ ಪ್ರಸ್ತಾವ

ನಾನು ಮೂವತ್ತು ವರ್ಷ ದನದ ಹರಾಜು ಕೂಗಿ ಬದುಕಿದವನು. ಈ ಕಸುಬಿನವರಿಗೆ ಎರಡು ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತವೆ. ನಾಲಗೆ ಯಾವಾಗಲೂ ತಲೆಗಿಂತ ಒಂದು ಮಾರು ಮುಂದೆ ಓಡುತ್ತಿರುತ್ತದೆ. ಮತ್ತೆ, ಎದುರಿಗೆ ಕೂತವನು ನೊಣ ಓಡಿಸಲು ತಲೆ ಅಲ್ಲಾಡಿಸಿದರೂ ನಮ್ಮ ಮಾತಿಗೆ ಒಪ್ಪಿದ ಎಂದೇ ಕಾಣುತ್ತದೆ. ನಿವೃತ್ತನಾದ ಮೇಲೆ ದನಗಳು ಹೋದವು, ಅಭ್ಯಾಸಗಳು ಉಳಿದವು. ಈಗ ಅವನ್ನು ಸಹಿಸಿಕೊಂಡಿರುವವಳು ನನ್ನ ಹೆಂಡತಿ ಲುಸಿಲಿಯಾ ಒಬ್ಬಳೇ.

ನಮ್ಮೂರು ಕ್ಯಾಲಿಫೋರ್ನಿಯಾದ ನಡುಕಣಿವೆಯಲ್ಲಿದೆ. ನಮ್ಮ ಅಜ್ಜಂದಿರು ಅಸೋರ್ಸ್ ದ್ವೀಪಗಳಿಂದ ಬಂದು ಇಲ್ಲಿ ಹಸು ಕಟ್ಟಿದರು. ಈಗ ಊರಲ್ಲಿ ಜನರಿಗಿಂತ ಹಸುಗಳು ಹೆಚ್ಚು, ಹಸುಗಳಿಗಿಂತ ಅಭಿಪ್ರಾಯಗಳು ಹೆಚ್ಚು. ಅದಕ್ಕೆ ತಕ್ಕಂತೆ ನಮ್ಮ ರಾಜ್ಯದಲ್ಲಿ ಮನುಷ್ಯರಿಗೆ ಮಾತ್ರ ಮತ ಹಾಕಿ ಸುಮ್ಮನಿರುವ ಹಾಗಿಲ್ಲ. ಆಸ್ಪತ್ರೆ ಕಟ್ಟಲು ಸಾಲ ಎತ್ತಬೇಕೆ, ಬಾಡಿಗೆಗೆ ಮಿತಿ ಹಾಕಬೇಕೆ, ಕೋಳಿಗೂಡು ಎಷ್ಟು ಅಗಲ ಇರಬೇಕು, ಎಲ್ಲವನ್ನೂ ಪ್ರಸ್ತಾವವೆಂದು ಮತಪತ್ರದ ಮೇಲೆ ಅಚ್ಚು ಹಾಕಿ ನಮ್ಮನ್ನೇ ಕೇಳುತ್ತಾರೆ. ಪ್ರತಿಯೊಂದಕ್ಕೂ ‘ಹೌದು’ ಅಥವಾ ‘ಇಲ್ಲ’ ಎಂದು ಗುರುತು ಹಾಕಬೇಕು. ಚುನಾವಣೆಗೆ ತಿಂಗಳಿರುವಾಗಲೇ ಮತಪತ್ರ ಅಂಚೆಯಲ್ಲಿ ಬರುತ್ತದೆ. ಅದಕ್ಕೂ ಮೊದಲು ಎಲ್ಲ ಪ್ರಸ್ತಾವಗಳನ್ನು ವಿವರಿಸುವ ಕೈಪಿಡಿ ಬರುತ್ತದೆ. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಡಲು ಅದಕ್ಕಿಂತ ಒಳ್ಳೆಯ ವಸ್ತು ಇನ್ನೊಂದಿಲ್ಲ.

ಆ ಕೈಪಿಡಿಯನ್ನು ಊರಿನವರ ಪರವಾಗಿ ಓದುತ್ತಿದ್ದವರು ಗೊವೇಯಾ ಟೀಚರು. ಮತಪತ್ರ ಬಂದ ವಾರದ ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ, ನಮ್ಮ ಸಮುದಾಯದ ಸಭಾಭವನದಲ್ಲಿ ನಿಂತು ಒಂದೊಂದನ್ನೇ ಬಿಡಿಸಿ ಹೇಳುತ್ತಿದ್ದರು. ಆ ವರ್ಷ ಅವರು ಅಣ್ಣನನ್ನು ನೋಡಲು ದ್ವೀಪಕ್ಕೆ ಹೋಗಿದ್ದರು. ಸಭಾಭವನದ ಅಧ್ಯಕ್ಷ ಎರ್ಮಿನಿಯೊ ಕಾಫಿ ಮೇಜಿನ ಹತ್ತಿರ ನಿಂತು ಕೇಳಿದ, “ಈ ಸಲ ಟೀಚರ್ ಇಲ್ಲ. ಯಾರಾದ್ರೂ ಹೇಳ್ತೀರಾ, ಇಲ್ಲ ಸೀದಾ ಊಟಕ್ಕೆ ಕೂರೋಣ್ವಾ?”

ಎಲ್ಲರೂ ಊಟದ ಕಡೆಗೇ ಇದ್ದರೆಂದು ನನಗೆ ಆಮೇಲೆ ಹೊಳೆಯಿತು. ಆಗ ಮಾತ್ರ ಆ ಮೌನ ನನ್ನನ್ನೇ ಕರೆದ ಹಾಗೆ ಕೇಳಿಸಿತು.

“ನಾನು ಹೇಳ್ತೀನಿ ಬಿಡು. ಮುಂದಿನ ಭಾನುವಾರ,” ಎಂದೆ.

ಹಿಂದಿನ ಸಾಲಿನಲ್ಲಿದ್ದ ಅಡೆಲಿನೊ ಭಾವ ಕಾಫಿ ಲೋಟ ಎತ್ತಿಕೊಂಡು ಹೊರಗೆ ನಡೆದುಬಿಟ್ಟ. ಅವನು ನನ್ನ ಅಕ್ಕ ಡಿಯೊಲಿಂಡಾಳ ಗಂಡ. ನಮ್ಮಿಬ್ಬರಿಗೂ ಮಾತು ನಿಂತು ಎರಡು ವರ್ಷವಾಗಿತ್ತು. ಅವನ ಮಗಳ ಮದುವೆಯಲ್ಲಿ ಸೋದರಮಾವನಾಗಿ ನಾನು ಎರಡು ಮಾತು ಆಡಲು ನಿಂತೆ. ಎರಡು ಮಾತು ಸ್ವಲ್ಪ ಬೆಳೆಯಿತು. ನಾನು ಮದುಮಗನ ಅಜ್ಜನ ಕಾಲದ ಹೋರಿಯೊಂದರ ಕಥೆಗೆ ಬರುವಷ್ಟರಲ್ಲಿ ಭಾವ ಎದ್ದು ಹೋಗಿ ಮೈಕಿನ ತಂತಿ ಕಿತ್ತ. ತಂತಿ ಕಿತ್ತರೂ ನನ್ನ ದನಿ ನಿಲ್ಲುವಂಥದ್ದಲ್ಲ. ಕಥೆ ಮುಗಿಸಿಯೇ ಕೂತೆ. ಆ ದಿನದಿಂದ ಅವನು ನನ್ನನ್ನು ನೋಡಿದರೆ ಟೋಪಿ ಸರಿಮಾಡಿಕೊಳ್ಳುತ್ತಾನೆ, ನಾನು ಆಕಾಶ ನೋಡುತ್ತೇನೆ.

ಮನೆಗೆ ಬಂದು ಕೈಪಿಡಿ ಹಿಡಿದು ಕೂತೆ. ಮೊದಲ ಪುಟದ ಪೀಠಿಕೆ ಚೆನ್ನಾಗಿತ್ತು. ಎರಡನೆಯ ಪ್ರಸ್ತಾವಕ್ಕೆ ಬರುವಾಗ ವಾಕ್ಯಗಳು ಉದ್ದವಾದವು. ಮೂರನೆಯದರಲ್ಲಿ ಒಂದು ವಾಕ್ಯ ಎಡಪುಟದಲ್ಲಿ ಹುಟ್ಟಿ ಬಲಪುಟದಲ್ಲಿ ಮಣ್ಣಾಯಿತು. ನಡುವೆ ಅದು ಏನು ಮಾಡಿತೆಂದು ದೇವರಿಗೇ ಗೊತ್ತು. ನಾನು ದಪ್ಪಕ್ಷರದಲ್ಲಿರುವುದನ್ನು ಮಾತ್ರ ಓದತೊಡಗಿದೆ. ಬುಧವಾರದ ಹೊತ್ತಿಗೆ ದಪ್ಪಕ್ಷರವೂ ಸಾಕಾಗಿ, ನನ್ನ ಸಾಮಾನ್ಯ ಜ್ಞಾನವನ್ನೇ ನೆಚ್ಚಿಕೊಂಡು ಅಡುಗೆಮನೆಯಲ್ಲಿ ಲುಸಿಲಿಯಾಳ ಮುಂದೆ ಭಾಷಣದ ತಾಲೀಮು ಶುರುಮಾಡಿದೆ.

“ಪೂರ್ತಿ ಓದಿದ್ಯಾ?” ಎಂದಳು ಅವಳು, ಈರುಳ್ಳಿ ಹೆಚ್ಚುತ್ತ.

“ಸಾರಾಂಶ ತಲೇಲಿದೆ.”

“ಸಾರಾಂಶದಲ್ಲಿ ಸಾರು ಮಾಡಕ್ಕಾಗಲ್ಲ, ಒಟಾವಿಯೊ.”

ಇದ್ದ ಪ್ರಸ್ತಾವಗಳಲ್ಲಿ ನಮ್ಮೂರಿಗೆ ಮುಖ್ಯವಾದದ್ದು ಒಂದೇ. ಹಿಂದಿನ ವರ್ಷ ಶಾಸನಸಭೆ ಒಂದು ಕಾನೂನು ಮಾಡಿತ್ತು: ಹಾಲಿನ ಫಾರ್ಮು ಇಟ್ಟವರೆಲ್ಲ ತಮ್ಮ ಸಗಣಿ ಹೊಂಡಕ್ಕೆ ದಪ್ಪ ಹೊದಿಕೆ ಮುಚ್ಚಿ, ಮೇಲೆ ಬರುವ ಗ್ಯಾಸನ್ನು ಹಿಡಿದಿಡಬೇಕು. ಹೊಂಡವೆಂದರೆ ಮನೆಯ ಹಿತ್ತಲಿನ ತಿಪ್ಪೆಯಲ್ಲ. ಅದರ ಮೇಲೆ ದೋಣಿ ಬಿಡಬಹುದು, ಬಿಡುವವನಿಗೆ ಮೂಗಿಲ್ಲದಿದ್ದರೆ. ಫಾರ್ಮಿನವರು ಸಿಟ್ಟಿಗೆದ್ದರು. ಕಾನೂನು ಜಾರಿಗೆ ಬರುವ ಮೊದಲೇ ಅದನ್ನು ಜನರ ಮುಂದಿಡಬೇಕೆಂದು ಸಹಿ ಸಂಗ್ರಹ ನಡೆಯಿತು. ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ ನಾನೂ ಸಹಿ ಹಾಕಿ, ಸಹಿ ಕೇಳಲು ನಿಂತಿದ್ದ ಹುಡುಗಿಗೆ ಹಸುವಿನ ಜೀರ್ಣಕ್ರಿಯೆಯ ಬಗ್ಗೆ ಒಂದಷ್ಟು ತಿಳಿಸಿ ಬಂದಿದ್ದೆ. ಸಹಿ ಸಾಕಷ್ಟಾಗಿ ವಿಷಯ ಮತಪತ್ರಕ್ಕೆ ಬಂತು.

ನನ್ನ ತರ್ಕ ಸರಳವಾಗಿತ್ತು. ಕಾನೂನು ತೆಗೆಯಿರಿ ಎಂದು ಸಹಿ ಹಾಕಿದವರು ನಾವು. ಪ್ರಸ್ತಾವ ನಮ್ಮದು. ನಮ್ಮ ಪ್ರಸ್ತಾವಕ್ಕೆ ನಾವು ‘ಹೌದು’ ಅನ್ನದೆ ಇನ್ಯಾರು ಅನ್ನಬೇಕು? ಪ್ರಚಾರದ ಫಲಕಗಳು ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಹಾಲಿನ ಊರಿನ ಮತ ಜೇಬಿನಲ್ಲೇ ಇದೆಯೆಂದು ಕಾನೂನು ಬೇಡವೆನ್ನುವ ನಮ್ಮ ಕಡೆಯ ಪ್ರಚಾರದವರು ದುಡ್ಡನ್ನೆಲ್ಲ ಲಾಸ್ ಏಂಜಲೀಸಿನ ಟಿವಿಗಳಿಗೆ ಸುರಿಯುತ್ತಿದ್ದರು. ಹೀಗಾಗಿ ನನ್ನನ್ನು ತಿದ್ದುವವರು ಯಾರೂ ಇರಲಿಲ್ಲ. ಕೈಪಿಡಿಯೊಂದಿತ್ತು, ಅದು ಬಾಗಿಲ ಬಳಿ ಇತ್ತು.

ಭಾನುವಾರ ಬಂತು. ಸಭಾಭವನ ತುಂಬಿತ್ತು. ಒಳಗಿನ ಅಡುಗೆಕೋಣೆಯಿಂದ ಸೋಪಾಸ್ ಕುದಿಯುವ ವಾಸನೆ. ಪುದೀನ ಎಲೆ ಇಟ್ಟ ಬ್ರೆಡ್ಡಿನ ಮೇಲೆ ಮಾಂಸದ ಸಾರು ಸುರಿದು ಬಡಿಸುವ ಆ ಊಟಕ್ಕೆ ಸತ್ತವರೂ ಎದ್ದು ಬರುತ್ತಾರೆ. ಜನ ನನಗಾಗಿ ಬಂದಿದ್ದಾರೆಂದು ನಾನು ಟೈ ಬಿಗಿಮಾಡಿಕೊಂಡೆ. ಲುಸಿಲಿಯಾ ಮುಂದಿನ ಸಾಲಿನಲ್ಲಿದ್ದಳು. ಅಡೆಲಿನೊ ಭಾವ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಅಕ್ಕ ಬಂದಿರಲಿಲ್ಲ.

ನಾನು ಚೆನ್ನಾಗಿ ಮಾತಾಡಿದೆ. ಇದನ್ನು ಈಗಲೂ ಹೇಳುತ್ತೇನೆ. ತಪ್ಪು ಹೇಳಿದೆ, ಆದರೆ ಚೆನ್ನಾಗಿ ಹೇಳಿದೆ. ಆಸ್ಪತ್ರೆಯ ಸಾಲ, ಬಾಡಿಗೆಯ ಮಿತಿ, ಜೂಜಿನ ಮನೆಗಳು, ಎಲ್ಲವನ್ನೂ ಕರುಗಳನ್ನು ಹರಾಜು ಕಟ್ಟೆಗೆ ಬಿಟ್ಟ ಹಾಗೆ ಒಂದರ ಹಿಂದೆ ಒಂದು ಓಡಿಸಿದೆ. ಸಗಣಿ ಹೊಂಡಕ್ಕೆ ಬಂದಾಗ ನಿಂತು ಒಂದು ಗುಟುಕು ನೀರು ಕುಡಿದೆ.

“ಇದನ್ನ ಸರಿಯಾಗಿ ಕೇಳಿಸ್ಕೊಳ್ಳಿ,” ಎಂದೆ. “ಈ ಹೊದಿಕೆ ಕಾನೂನು ಹಾಳಾಗಿ ಹೋಗ್ಲಿ ಅನ್ನೋರು ‘ಹೌದು’ ಅಂತ ಗುರುತು ಹಾಕಿ. ಇರಲಿ ಅನ್ನೋ ಪುಣ್ಯಾತ್ಮರು ಯಾರಾದ್ರೂ ಇದ್ರೆ ‘ಇಲ್ಲ’ ಅಂತ ಹಾಕಿ. ಹೌದು ಅಂದ್ರೆ ಕಾನೂನು ಹೋಯ್ತು. ಇಲ್ಲ ಅಂದ್ರೆ ಉಳೀತು. ಒಂದು ಸಲ, ಎರಡು ಸಲ, ಮೂರು ಸಲ.”

ಮೇಜನ್ನು ಅಂಗೈಯಿಂದ ಬಡಿದೆ. ಭಾರಿ ಚಪ್ಪಾಳೆ ಬಿತ್ತು. ತಿರುಗಿ ನೋಡಿದರೆ ನನ್ನ ಹಿಂದಿನ ಬಾಗಿಲಿನಿಂದ ಸೋಪಾಸಿನ ಹಂಡೆಗಳು ಹೊರಬರುತ್ತಿದ್ದವು.

ಮರುದಿನ ಬೆಳಿಗ್ಗೆ ನನ್ನ ಮತಪತ್ರ ತುಂಬಲು ಕೂತೆ. ಕಾಫಿ ಪಕ್ಕದಲ್ಲಿತ್ತು. ಸಗಣಿ ಹೊಂಡದ ಸಾಲಿಗೆ ಬಂದಾಗ ಗುರುತು ಹಾಕುವ ಮೊದಲು, ಕೇವಲ ಸಂತೋಷಕ್ಕಾಗಿ, ಪ್ರಶ್ನೆಯನ್ನು ಓದಿದೆ. ಹೊಂಡಗಳಿಗೆ ಹೊದಿಕೆ ಕಡ್ಡಾಯ ಮಾಡುವ ಕಾನೂನು ಜಾರಿಗೆ ಬರಬೇಕೆ, ಎಂದಿತ್ತು. ಇನ್ನೊಮ್ಮೆ ಓದಿದೆ. ಎದ್ದು ಹೋಗಿ ಬಾಗಿಲಿನ ಅಡ್ಡದಿಂದ ಕೈಪಿಡಿ ತೆಗೆದೆ. ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಒಳಗೆ ಒಂದು ಪುಟದಲ್ಲಿ, ಮಕ್ಕಳಿಗೂ ಅರ್ಥವಾಗುವ ಹಾಗೆ, ‘ಹೌದು ಎಂದರೆ ಕಾನೂನು ಉಳಿಯುತ್ತದೆ, ಇಲ್ಲ ಎಂದರೆ ರದ್ದಾಗುತ್ತದೆ’ ಎಂದು ಚೌಕ ಹಾಕಿ ಬರೆದಿತ್ತು. ಜನರ ಮುಂದೆ ಬಂದದ್ದು ನಮ್ಮ ಸಹಿಗಳಲ್ಲ. ಶಾಸನಸಭೆಯ ಕಾನೂನು.

ಲುಸಿಲಿಯಾ ಬಾಗಿಲ ಸದ್ದಿಗೆ ಬಂದಳು. ನನ್ನ ಮುಖ ನೋಡಿ, “ಏನಾಯ್ತು, ಯಾರು ಹೋದ್ರು?” ಎಂದಳು.

ಹೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕೂತು ಚೌಕದೊಳಗಿನದನ್ನು ಓದಿದಳು.

“ನೀನಾದ್ರೂ ನನ್ನ ಮಾತು ಕೇಳಿ ಹಾಕಿಬಿಟ್ಯಾ?” ಎಂದೆ.

“ನಾನು ಹೋದ ಗುರುವಾರಾನೇ ಹಾಕಿ ಕಳಿಸಿದೆ.”

“ನನ್ನ ಭಾಷಣಕ್ಕೂ ಮುಂಚೆ?”

“ನಿನ್ನ ಭಾಷಣ ಬುಧವಾರದಿಂದ ಇಲ್ಲೇ ಕೇಳ್ತಿದ್ನಲ್ಲ. ಅದಕ್ಕೇ ಬೇಗ ಹಾಕಿಬಿಟ್ಟೆ. ಇನ್ನೂ ಎರಡು ದಿನ ಕೇಳಿದ್ರೆ ನನ್ನ ಹೆಸರೇ ಮರ್ತುಹೋಗ್ತಿತ್ತು.”

ನನಗೆ ತಮಾಷೆಯ ಹೊತ್ತಲ್ಲ ಅದು. ಇಡೀ ಊರು ನನ್ನ ಮಾತು ನಂಬಿ ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡಿರುತ್ತದೆ. ಕಾನೂನು ಬರುತ್ತದೆ, ಹೊಂಡಗಳಿಗೆಲ್ಲ ಹೊದಿಕೆ ಬೀಳುತ್ತದೆ, ಪ್ರತಿ ಹೊದಿಕೆಯ ಮೇಲೂ ನನ್ನ ಹೆಸರು. ನನ್ನ ಮತಪತ್ರಕ್ಕೆ ಸರಿಯಾಗಿ ‘ಇಲ್ಲ’ ಎಂದು ಗುರುತು ಹಾಕಿ, ಸಹಿ ಮಾಡಿ, ಅಂಚೆ ಕಚೇರಿಗೆ ಹೋಗಿ ಡಬ್ಬಿಗೆ ಹಾಕಿದೆ. ಅಲ್ಲಿಂದಲೇ ಊರನ್ನು ಉಳಿಸಲು ಹೊರಟೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಇಷ್ಟು ದೊಡ್ಡ ಅನಾಹುತಕ್ಕೆ ಮುಖತಃ ಹೋಗುವುದೇ ಮರ್ಯಾದೆ ಅನ್ನಿಸಿತು.

ಮೊದಲು ಎರ್ಮಿನಿಯೊನ ಫಾರ್ಮಿಗೆ ಹೋದೆ. ಹಾಲು ಕರೆಯುವ ಶೆಡ್ಡಿನಲ್ಲಿ ಪೈಪು ಹಿಡಿದು ನೆಲ ತೊಳೆಯುತ್ತಿದ್ದ.

“ಎರ್ಮಿನಿಯೊ, ಒಂದು ತಪ್ಪಾಗಿದೆ. ನಿನ್ನೆ ನಾನು ಹೇಳಿದ್ದು ಉಲ್ಟಾ.”

“ಗೊತ್ತು,” ಎಂದ ಅವನು, ಪೈಪು ನಿಲ್ಲಿಸದೆ.

“ಗೊತ್ತಾ? ಯಾವಾಗ ಗೊತ್ತಾಯ್ತು?”

“ನೀನು ಹೇಳ್ತಿದ್ದಾಗ್ಲೇ. ಫಾರ್ಮಿನೋರಿಗೆಲ್ಲ ನಮ್ಮ ಹಾಲಿನ ಸಂಘದೋರು ಬೇಸಿಗೇಲೇ ಹೇಳಿದ್ರಲ್ಲ, ‘ಇಲ್ಲ’ ಹಾಕಬೇಕು ಅಂತ.”

“ಮತ್ತೆ ಎದ್ದು ಹೇಳ್ಬಾರ್ದಿತ್ತಾ, ಮಾರಾಯ?”

ಅವನು ಆಗ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ. “ಹೇಳೋಣ ಅಂದ್ಕೊಂಡೆ. ನಡುವೆ ಬಾಯಿ ಹಾಕಿದ್ರೆ ನೀನು ಇನ್ನರ್ಧ ಗಂಟೆ ಎಳೀತಿದ್ದೆ. ಸಾರು ಆರಿಹೋಗ್ತಿತ್ತು. ಎಲ್ಲರೂ ಹಾಗೇ ಅಂದ್ಕೊಂಡ್ರು ಅನ್ಸುತ್ತೆ.”

ಇದೊಬ್ಬನ ಮಾತು ಎಂದುಕೊಂಡು ಅವನ ಫಾರ್ಮಿನ ಪಕ್ಕದ ಮನೆಯ ವಿಧವೆ ಜುಲ್ಮಿರಾ ಹತ್ತಿರ ಹೋದೆ. ಅವರಿಗೆ ಸಂಘವಿಲ್ಲ, ಹಸುವಿಲ್ಲ, ಸಭೆಯಲ್ಲಿ ಮೊದಲ ಸಾಲಿನಲ್ಲೇ ಕೂತು ಉದ್ದಕ್ಕೂ ತಲೆಯಾಡಿಸಿದ್ದರು. ಅಂಗಳದಲ್ಲಿ ಕೇಲ್ ಸೊಪ್ಪು ಕೀಳುತ್ತಿದ್ದರು.

“ಜುಲ್ಮಿರಾ ಆಂಟಿ, ನೀವು ಹೌದು ಅಂತ ಹಾಕಿಬಿಟ್ರಾ?”

“ನಾನು ಹೌದು ಅನ್ನೋದೇ ಇಲ್ಲಪ್ಪ,” ಎಂದರು. “ಅರ್ಥ ಆಗದೇ ಇರೋದಕ್ಕೆಲ್ಲ ಇಲ್ಲ ಅನ್ನು ಅಂತ ನಮ್ಮಮ್ಮ ಹೇಳಿಕೊಟ್ಟಿದ್ರು. ಮೇಲಿಂದ ಕೆಳಗಿನವರೆಗೂ ಇಲ್ಲ, ಇಲ್ಲ, ಇಲ್ಲ. ಜನ್ಮದಲ್ಲಿ ಒಂದೇ ಒಂದು ಸಲ ಹೌದು ಅಂದೆ. ನಲವತ್ತು ವರ್ಷ ಆ ಮನುಷ್ಯನ ಬಟ್ಟೆ ಒಗೆದೆ.”

“ಆದ್ರೆ ನಾನು ಹೇಳುವಾಗ ನೀವು ಅಷ್ಟೊಂದು ತಲೆ ಆಡಿಸ್ತಿದ್ರಿ.”

“ನಿನ್ನ ಟೈ ನೋಡ್ತಿದ್ದೆ. ನನ್ನ ಗಂಡನ ಹತ್ರ ಅಂಥದ್ದೇ ಇತ್ತು.”

ಮಧ್ಯಾಹ್ನದವರೆಗೆ ಮನೆ ಮನೆ ತಿರುಗಿದೆ. ಒಬ್ಬ ಟಿವಿಯಲ್ಲಿ ಯಾವ ಕಡೆಯ ಜಾಹೀರಾತು ಹೆಚ್ಚು ಬರುತ್ತದೋ ಅದರ ವಿರುದ್ಧ ಹಾಕುವವನು. ಇನ್ನೊಬ್ಬ ಸಭೆಗೆ ಬಂದವನೇ ಕಿವಿಯ ಯಂತ್ರ ಆರಿಸಿ ಕೂತಿದ್ದನಂತೆ, ಬ್ಯಾಟರಿ ಉಳಿಯಲೆಂದು. ಹೊಸದಾಗಿ ಮದುವೆಯಾದ ಒಂದು ಜೋಡಿ, ಇಬ್ಬರೂ ಬೇರೆ ಬೇರೆ ಹಾಕಿ ಅದರ ಮೇಲೆ ಜಗಳವಾಡಿ ಮುಗಿಸಿ, ನಾನು ಹೋದಾಗ ರಾಜಿಯಾಗುತ್ತಿದ್ದರು. ನನ್ನನ್ನು ಬಾಗಿಲಲ್ಲೇ ಕಳಿಸಿದರು. ಊರನ್ನು ಹಾಳುಮಾಡಿದ ಪಾಪಿ ನಾನೆಂದು ಬೆಳಿಗ್ಗೆ ಎದೆ ಹೊಡೆದುಕೊಂಡಿದ್ದೆ. ಹಾಳುಮಾಡಲೂ ಒಂದು ಯೋಗ್ಯತೆ ಬೇಕು, ಅದೂ ನನಗಿಲ್ಲವೆಂದು ಈಗ ಗೊತ್ತಾಯಿತು. ನನ್ನ ಮಾತಿನಿಂದ ಒಬ್ಬನಾದರೂ ತಪ್ಪು ಮಾಡಿದ್ದರೆ ಎಂದು ಆಸೆಪಡುವ ಮಟ್ಟಕ್ಕೆ ಇಳಿದಿದ್ದೆ.

ಟ್ರಕ್ಕಿನಲ್ಲಿ ಕೂತಿದ್ದಾಗ ಲುಸಿಲಿಯಾ ಫೋನ್ ಮಾಡಿದಳು.

“ಎಷ್ಟು ಜನರನ್ನ ಉಳಿಸಿದೆ?”

“ಯಾರೂ ಮುಳುಗೇ ಇಲ್ಲ.”

“ಡಿಯೊಲಿಂಡಾ ಮನೆಗೆ ಹೋದ್ಯಾ?”

ಟ್ರಕ್ಕಿನ ಕನ್ನಡಿ ಸರಿಮಾಡಿಕೊಂಡೆ.

“ಭಾವನೂ ಬಂದಿದ್ರು ನಿನ್ನೆ. ಮೊದಲಿಂದ ಕೊನೇವರೆಗೂ ನಿಂತಿದ್ರು. ಊಟಕ್ಕೂ ಕೂರದೆ ಹೋದ್ರು. ಹೋಗಿ ಹೇಳು.”

“ಅವರಿಗೆ ಸಂಘದೋರು ಹೇಳಿರ್ತಾರೆ.”

“ಸಂಘ ಬಿಟ್ಟು ಎಷ್ಟೋ ತಿಂಗಳಾಯ್ತು. ಅಕ್ಕನ ಮನೆ ವಿಷಯ ಊರಿಗೆಲ್ಲ ಗೊತ್ತು, ನಿನಗೊಬ್ಬನಿಗೆ ಗೊತ್ತಿಲ್ಲ. ಹೋಗು.”

ಹೋದೆ. ಅಕ್ಕನ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಒಳ್ಳೆಯ ಬಿಸಿಲಿನ ಮಧ್ಯಾಹ್ನ. ಕಿಟಕಿಯ ಸಂದುಗಳಿಗೆ ಒದ್ದೆ ಟವೆಲ್ ಸುತ್ತಿ ತುರುಕಿದ್ದರು. ಬಾಗಿಲು ತೆಗೆದ ಅಕ್ಕ ಮೊದಲು ಕೆಮ್ಮಿದಳು, ಆಮೇಲೆ ನಕ್ಕಳು, ಮತ್ತೆ ಕೆಮ್ಮಿದಳು. ಕೈಯಲ್ಲಿ ಉಸಿರಿಗೆ ಎಳೆದುಕೊಳ್ಳುವ ಮದ್ದಿನ ಪುಟ್ಟ ಡಬ್ಬಿ. ಚಿಕ್ಕಂದಿನಲ್ಲಿ ನನ್ನನ್ನು ಬೆನ್ನಟ್ಟಿ ಹಿಡಿದು ಬಾರಿಸುತ್ತಿದ್ದವಳು, ಬಾಗಿಲಿನಿಂದ ಕುರ್ಚಿಗೆ ಹೋಗುವಷ್ಟರಲ್ಲಿ ಒಮ್ಮೆ ನಿಂತಳು.

“ಇದು ಯಾವಾಗಿಂದ ಅಕ್ಕ?”

“ಗಾಳಿ ಆ ಕಡೆಯಿಂದ ಬೀಸಿದ್ರೆ ಜಾಸ್ತಿ. ಇಲ್ಲದಿದ್ರೆ ಪರವಾಗಿಲ್ಲ. ನೀನೇನು ದಾರಿ ತಪ್ಪಿ ಬಂದ್ಯಾ?”

“ಭಾವನ ಹತ್ರ ಒಂದು ಮಾತಿತ್ತು.”

“ಒಂದೇನಾ?” ಎಂದಳು ಅಕ್ಕ. “ಕರುಗಳ ಹತ್ರ ಇದಾರೆ ನೋಡು. ಮೆಲ್ಲಗೆ ಮಾತಾಡು, ಕರುಗಳು ಮಲಗಿರ್ತಾವೆ.”

ಭಾವ ಕರುವೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ. ನನ್ನನ್ನು ನೋಡಿ ಅಭ್ಯಾಸಬಲದಿಂದ ಟೋಪಿಗೆ ಕೈ ಹಾಕಿದ. ಎರಡು ವರ್ಷದ ಮೇಲೆ ಮೊದಲ ಮಾತು ಏನಾಡಬೇಕೆಂದು ನಾನು ದಾರಿಯುದ್ದಕ್ಕೂ ಯೋಚಿಸಿದ್ದೆ. ಬಾಯಿಗೆ ಬಂದದ್ದು, “ಭಾವ, ನಿಮ್ಮ ಮತ ಹಾಕಾಯ್ತಾ?”

“ಆಯ್ತು. ಬೆಳಿಗ್ಗೆ ಹಾಕಿದೆ. ಹೊಂಡದ್ದು ನೀನು ಹೇಳ್ದಂಗೇ ಹಾಕಿದ್ದೀನಿ.”

ನನ್ನ ಎದೆಯಲ್ಲಿ ಹಿಗ್ಗು ಉಕ್ಕಿತು. ನಾಚಿಕೆಯಾಗಬೇಕಿತ್ತು, ಹಿಗ್ಗಾಯಿತು. ಇಡೀ ಊರಲ್ಲಿ ಒಬ್ಬ ನನ್ನ ಮಾತು ಕೇಳಿದ್ದಾನೆ, ಅದೂ ಯಾರು, ನನ್ನ ಮೈಕು ಕಿತ್ತವನು.

“ನನ್ನ ಮಾತು ನಂಬಿದ್ರಾ?”

“ನೀನು ಬಾಯಿಬಡುಕ. ಆದ್ರೆ ಸುಳ್ಳು ಹೇಳಲ್ಲ. ಕೂಗುವಾಗ ಕುಂಟು ಹಸೂನ ಕುಂಟು ಅಂತಾನೇ ಕೂಗ್ತಿದ್ದೆ. ಅದಕ್ಕೇ ನಿಂತು ಕೇಳಿದೆ.”

ಈ ಮಾತು ನನ್ನ ಹಿಗ್ಗನ್ನು ಒಂದೇ ಏಟಿಗೆ ಇಳಿಸಿತು. “ಭಾವ, ನಾನು ಉಲ್ಟಾ ಹೇಳಿದೆ. ನೀವು ಹೌದು ಅಂತ ಹಾಕಿದ್ರೆ ಕಾನೂನು ಉಳಿಯುತ್ತೆ.”

“ನಾನು ಹೌದು ಅಂತ ಹಾಕಿಲ್ಲ. ಇಲ್ಲ ಅಂತ ಹಾಕಿದ್ದೀನಿ.”

“ನಾನು ಹೇಳ್ದಂಗೆ ಅಂದ್ರಲ್ಲ?”

“ಕಾನೂನು ಹೋಗ್ಲಿ ಅನ್ನೋರು ಹೌದು, ಇರಲಿ ಅನ್ನೋ ಪುಣ್ಯಾತ್ಮರು ಇಲ್ಲ. ಹಾಗಂತಾನೇ ತಾನೇ ನೀನು ಹೇಳಿದ್ದು?” ಕರು ಬಾಟಲಿಯನ್ನು ಖಾಲಿಮಾಡಿ ಗಾಳಿ ಚೀಪುತ್ತಿತ್ತು. ಅವನು ಅದನ್ನು ಬಿಡಿಸಿಕೊಳ್ಳಲಿಲ್ಲ. “ನಿಮ್ಮಕ್ಕನ್ನ ನೋಡಿದ್ಯಲ್ಲ ಒಳಗೆ. ನಾನೊಬ್ಬನೇ ನನ್ನ ಹೊಂಡ ಮುಚ್ಚಿದ್ರೆ ಏನಾಗುತ್ತೆ? ಆಚೆ ಈಚೆ ಇರೋ ಹೊಂಡದ ಗಾಳಿ ಬರದೇ ಇರುತ್ತಾ? ಎಲ್ಲರೂ ಮುಚ್ಚಬೇಕು. ಸಂಘದಲ್ಲಿ ಹೀಗಂದೆ. ನಕ್ಕರು. ಬಿಟ್ಟು ಬಂದೆ.”

ನಾನು ಬೇಲಿಯ ಕಂಬ ಹಿಡಿದು ನಿಂತೆ. ಲೆಕ್ಕ ಸ್ಪಷ್ಟವಾಗಿತ್ತು. ಕಾನೂನು ಉಳಿಯಲೆಂದು ನನ್ನ ಮಾತು ನಂಬಿ ‘ಇಲ್ಲ’ ಎಂದು ಹಾಕಿದ ಭಾವನ ಮತ ಈಗ ಕಾನೂನಿನ ವಿರುದ್ಧ, ಅಂದರೆ ನನ್ನ ಪಕ್ಷಕ್ಕೆ, ಬೀಳುತ್ತದೆ. ಇಡೀ ದಿನ ತಿರುಗಿ ನಾನು ಗೆದ್ದ ಮತ ಇದೊಂದೇ. ನಾನು ಬಾಯಿಮುಚ್ಚಿಕೊಂಡಿದ್ದರೆ ಸಾಕಿತ್ತು. ನನ್ನ ಸ್ವಭಾವ ಗೊತ್ತಿದ್ದವರಿಗೆ ಅದು ಎಷ್ಟು ಅಸಾಧ್ಯವೆಂದು ಗೊತ್ತು. ಈ ಸಲ ಮಾತ್ರ ಅದಕ್ಕೆ ಬೇರೆ ಕಾರಣವಿತ್ತು. ಒದ್ದೆ ಟವೆಲುಗಳು ಕಣ್ಣಮುಂದೆಯೇ ಇದ್ದವು. ಬೆಳಿಗ್ಗೆ ಅಷ್ಟು ಶೂರನಾಗಿ ಡಬ್ಬಿಗೆ ಹಾಕಿದ ನನ್ನ ಮತ ಇನ್ನು ವಾಪಸ್ ಬರುವುದಿಲ್ಲ. ಅದನ್ನು ಅಳಿಸಲು ಉಳಿದಿದ್ದ ಒಂದೇ ರಬ್ಬರು ಭಾವನ ಮತ.

“ನೀವು ಹಾಕಿರೋದು ಕಾನೂನು ಹೋಗ್ಲಿ ಅಂತ ಆಗಿದೆ, ಭಾವ,” ಎಂದೆ. “ಲಕೋಟೆ ಎಲ್ಲಿದೆ?”

ಅವನು ಖಾಲಿ ಬಾಟಲಿಯನ್ನು ಕರುವಿನ ಬಾಯಿಂದ ಎಳೆದುಕೊಂಡ. “ಅಂದ್ರೆ ನೀನು ಹೇಳಿದ್ದು ತಪ್ಪು.”

“ಹೌದು.”

“ಈ ಹೌದು ಯಾವ ಹೌದು? ನಿಜವಾದ ಹೌದಾ, ನಿನ್ನ ಹೌದಾ?”

ಲಕೋಟೆ ರಸ್ತೆಬದಿಯಲ್ಲಿ ನೆಟ್ಟ ಅವನದೇ ಮನೆಯ ಅಂಚೆಪೆಟ್ಟಿಗೆಯಲ್ಲಿತ್ತು. ಒಯ್ಯಬೇಕಾದ ಟಪಾಲಿದೆ ಎಂದು ಅಂಚೆಯವಳಿಗೆ ತೋರಿಸುವ ಕೆಂಪು ಪಟ್ಟಿ ಮೇಲೆತ್ತಿತ್ತು. ನಮ್ಮ ವಯಸ್ಸಿನ ಇಬ್ಬರು ಗಂಡಸರು ಧೂಳು ದಾರಿಯಲ್ಲಿ ಅಷ್ಟು ವೇಗವಾಗಿ ನಡೆದದ್ದನ್ನು ಅಕ್ಕ ಮುಚ್ಚಿದ ಕಿಟಕಿಯ ಹಿಂದಿನಿಂದ ನೋಡಿದಳಂತೆ. ಅಂಚೆಯವಳ ಬಿಳಿ ಜೀಪು ಪಕ್ಕದ ಫಾರ್ಮಿನ ಗೇಟಿನಲ್ಲಿತ್ತು. ಅವಳು ನಮ್ಮ ಹತ್ತಿರ ಬರುವಷ್ಟರಲ್ಲಿ ಭಾವ ಲಕೋಟೆಯನ್ನು ಅಂಗಿಯೊಳಗೆ ಸೇರಿಸಿಯಾಗಿತ್ತು. ಅವಳು ನಮ್ಮಿಬ್ಬರನ್ನೂ ನೋಡಿ, “ಏನಾದ್ರೂ ಕಳಿಸೋದಿದ್ಯಾ?” ಎಂದಳು. ನಾವಿಬ್ಬರೂ ಒಟ್ಟಿಗೆ “ಇಲ್ಲ” ಎಂದೆವು. ಎರಡು ವರ್ಷದಲ್ಲಿ ನಾವು ಒಪ್ಪಿದ ಮೊದಲ ವಿಷಯ ಅದು.

ಕೆಟ್ಟ ಮತಪತ್ರ ಒಪ್ಪಿಸಿ ಹೊಸದು ಪಡೆಯಲು ಕೌಂಟಿಯ, ಅಂದರೆ ಜಿಲ್ಲೆಯ, ಚುನಾವಣಾ ಕಚೇರಿಗೆ ಹೋಗಬೇಕು. ನನ್ನ ಟ್ರಕ್ಕಿನಲ್ಲೇ ಹೋದೆವು. ದಾರಿಯಲ್ಲಿ ಭಾವ ಒಂದೇ ಪ್ರಶ್ನೆ ಕೇಳಿದ. “ಆ ಹೋರಿ ಕಥೇಲಿ ಕೊನೆಗೆ ಏನಾಯ್ತು? ನಾನು ಸಿಟ್ಟಲ್ಲಿ ಆಚೆ ಹೋಗಿಬಿಟ್ಟಿದ್ದೆ.”

“ಮಾರಾಟ ಆಯ್ತು.”

“ಅಷ್ಟೇನಾ?”

“ಅಷ್ಟೇ.”

“ಹಾಗಾದ್ರೆ ನಾನು ತಂತಿ ಕಿತ್ತಿದ್ದು ಸರಿ,” ಎಂದು ಅವನು ಕಿಟಕಿಯ ಹೊರಗೆ ನೋಡಿದ. ನನಗೆ ಸಿಟ್ಟು ಬರಲಿಲ್ಲ. ಕಥೆಯನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓಡಿಸಿ ನೋಡಿದೆ. ನಿಜಕ್ಕೂ ಅದರಲ್ಲಿ ಏನೂ ಇರಲಿಲ್ಲ.

ಕಚೇರಿಯ ಕಿಟಕಿಯಲ್ಲಿದ್ದ ಹೆಂಗಸು ಲಕೋಟೆ ತೆಗೆದುಕೊಂಡು, “ಏನು ಕಾರಣ, ಸರ್? ಹರಿದಿದ್ಯಾ, ಕಾಫಿ ಚೆಲ್ತಾ?” ಎಂದು ಕೇಳಿದಳು.

“ನನ್ನ ಭಾಮೈದ ವಿವರಿಸಿದ,” ಎಂದ ಭಾವ.

“ಓ,” ಎಂದಳು ಅವಳು, ಅಂಥ ಕಾಯಿಲೆ ಆಗಾಗ ನೋಡಿದವಳ ಹಾಗೆ. ಹೊಸ ಮತಪತ್ರ ಕೊಟ್ಟು ಮೂಲೆಯ ಮರೆಗೂಡು ತೋರಿಸಿದಳು. ನಾನು ದೂರದ ಬೆಂಚಿನಲ್ಲಿ ಕೈಕಟ್ಟಿ ಕೂತೆ. ಸ್ವಲ್ಪ ಹೊತ್ತಿಗೆ ಭಾವ ಮರೆಯಿಂದ ತಲೆ ಹೊರಹಾಕಿದ.

“ಕನ್ನಡಕ ಮನೇಲಿದೆ. ಬಾ, ಓದಿ ಹೇಳು.”

ನಾನು ಆ ಹೆಂಗಸಿನ ಮುಖ ನೋಡಿದೆ. “ಅವರೇ ಕೇಳಿದ್ರೆ ಸಹಾಯ ಮಾಡಬಹುದು. ಓದಿ. ಹೇಳಿಕೊಡಬೇಡಿ,” ಎಂದಳು.

ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಸಗಣಿ ಹೊಂಡದ ಪ್ರಶ್ನೆಯನ್ನು ಒಂದೊಂದೇ ಪದ ಬಿಡಿಸಿ ಓದಿದೆ. ಹಿಂದೆ ಒಂದು ಮಾತು ಸೇರಿಸಲಿಲ್ಲ, ಮುಂದೆ ಒಂದು ಮಾತು ಸೇರಿಸಲಿಲ್ಲ. ನಾಲಗೆ ಹಲ್ಲಿನ ಹಿಂದೆ ಕಟ್ಟಿಹಾಕಿದ ಕರುವಿನ ಹಾಗೆ ಎಳೆಯುತ್ತಿತ್ತು. ಭಾವ ಇನ್ನೊಮ್ಮೆ ಓದಿಸಿದ. ಮೂರನೆಯ ಸಲವೂ ಓದಿಸಿದ. ಆಮೇಲೆ ಪೆನ್ನನ್ನು ನಿಧಾನವಾಗಿ ಒತ್ತಿ ‘ಹೌದು’ ಎಂಬುದರ ಪಕ್ಕದ ಪುಟ್ಟ ವೃತ್ತವನ್ನು ತುಂಬಿದ. ಅಲ್ಲಿಗೆ ನನ್ನ ಬೆಳಗಿನ ಮತ ಸೊನ್ನೆಯಾಯಿತು. ಅದಕ್ಕಾಗಿ ಪೆಟ್ರೋಲು ನಾನೇ ಸುಟ್ಟಿದ್ದೆ.

“ಉಳಿದಿದ್ದೂ ಓದು,” ಎಂದ ಭಾವ. “ಹೊಸದಾಗಿ ಹಾಕಬೇಕಲ್ಲ.”

ಓದಿದೆ. ಆಸ್ಪತ್ರೆಯ ಸಾಲದ್ದು, ಬಾಡಿಗೆಯದ್ದು, ಜೂಜಿನದ್ದು. ಸಭೆಯಲ್ಲಿ ನಾನು ಅವುಗಳ ಬಗ್ಗೆ ಹೇಳಿದ್ದರಲ್ಲಿ ಜೂಜಿನದ್ದೊಂದು ಬಿಟ್ಟರೆ ಯಾವುದೂ ಪೂರ್ತಿ ಸರಿಯಿರಲಿಲ್ಲ. ಜೂಜಿನದ್ದು ಸರಿಯಾದದ್ದೂ ಜೂಜೇ. ಆಸ್ಪತ್ರೆಯದ್ದನ್ನು ಓದುವಾಗ ಭಾವ, “ಇದು ಮಕ್ಕಳ ಆಸ್ಪತ್ರೇನಾ? ನೀನು ಜೈಲಿನ ಆಸ್ಪತ್ರೆ ಅಂದಿದ್ದೆ,” ಎಂದ. ನಾನು ಕೆಮ್ಮಿ ಮುಂದಿನ ಸಾಲಿಗೆ ಹೋದೆ. ಹೊತ್ತಾಗುತ್ತಿದ್ದುದನ್ನು ನೋಡಿ ಆ ಹೆಂಗಸು ನಮಗೆ ಎರಡು ಕುರ್ಚಿ ತಂದು ಹಾಕಿದಳು.

ವಾಪಸ್ ಬಂದಾಗ ಅಕ್ಕ ಕೇಲ್ ಸೊಪ್ಪಿನ ಸೂಪು ಬಿಸಿಮಾಡಿ ಇಟ್ಟಿದ್ದಳು. ಆ ಮೇಜಿನ ಮುಂದೆ ನಾನು ಕೂತು ಎರಡು ವರ್ಷವಾಗಿತ್ತು. ಭಾವ ನಡೆದದ್ದನ್ನೆಲ್ಲ ನಾಲ್ಕು ವಾಕ್ಯದಲ್ಲಿ ಹೇಳಿದ. ಅಷ್ಟು ಒಳ್ಳೆಯ ಕಥೆಯನ್ನು ನಾಲ್ಕು ವಾಕ್ಯದಲ್ಲಿ ಹಾಳುಮಾಡುವುದನ್ನು ನಾನು ನೋಡುತ್ತ ಕೂತೆ, ಬಾಯಿತುಂಬ ಬ್ರೆಡ್ಡಿತ್ತು. ಅಕ್ಕ ನಕ್ಕು ನಕ್ಕು ಕೆಮ್ಮು ಬಂದು, ಡಬ್ಬಿ ಎಳೆದುಕೊಂಡು, ಮತ್ತೆ ನಕ್ಕಳು.

“ನೀನು ಯಾವುದಕ್ಕೆ ಹಾಕಿದೆ ಅಕ್ಕ?” ಎಂದೆ.

“ಹಾಕಿದ್ದಾಯ್ತು. ನಿಮ್ಮಿಬ್ಬರಿಗೂ ಹೇಳಲ್ಲ,” ಎಂದು ಅವಳು ಸೂಪು ಬಡಿಸಿದಳು. ಇವತ್ತಿನವರೆಗೂ ಹೇಳಿಲ್ಲ.

ನವೆಂಬರಿನಲ್ಲಿ ಫಲಿತಾಂಶ ಬಂತು. ನಮ್ಮ ಕೌಂಟಿಯಲ್ಲಿ ಆ ಕಾನೂನು ಹೀನಾಯವಾಗಿ ಸೋತಿತ್ತು. ರಾಜ್ಯದಲ್ಲಿ ಅಷ್ಟೇ ದೊಡ್ಡ ಅಂತರದಿಂದ ಉಳಿದುಕೊಂಡಿತ್ತು. ಭಾವನ ಒಂದು ಮತ, ನನ್ನ ಒಂದು ಮತ, ಜುಲ್ಮಿರಾ ಆಂಟಿಯ ಇಲ್ಲ ಇಲ್ಲಗಳು, ಯಾವುದೂ ಅತ್ತಿತ್ತ ಕದಲಿಸಿರಲಿಲ್ಲ. ಎರ್ಮಿನಿಯೊ ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲ. ಗೊವೇಯಾ ಟೀಚರು ದ್ವೀಪದಿಂದ ವಾಪಸ್ ಬಂದು ಎಲ್ಲವನ್ನೂ ಕೇಳಿಸಿಕೊಂಡು, ಮುಂದಿನ ಸಲದಿಂದ ಒಟಾವಿಯೊ ಕುರ್ಚಿ ಜೋಡಿಸಲಿ ಎಂದರು. ಜೋಡಿಸುತ್ತೇನೆ, ಅದಕ್ಕೇನು.

ವಸಂತದಲ್ಲಿ ಊರಿನ ಹೊಂಡಗಳಿಗೆ ಹೊದಿಕೆ ಹಾಕುವ ಕೆಲಸ ಶುರುವಾಯಿತು. ನಮ್ಮಲ್ಲಿ ಮೊದಲು ಹೆಸರು ಕೊಟ್ಟವನು ಭಾವ. ಕೆಲಸದವರು ದೊಡ್ಡ ಕಪ್ಪು ಸುರುಳಿಗಳನ್ನು ಲಾರಿಯಿಂದ ಇಳಿಸಿ ದಂಡೆಯುದ್ದಕ್ಕೂ ಬಿಚ್ಚುತ್ತಿದ್ದರು. ನಾನು ಅಲ್ಲೇ ನಿಂತು ಗಾಳಿ ಯಾವ ಕಡೆಯಿಂದ ಬರುತ್ತದೆ, ಅಂಚನ್ನು ಯಾವ ಕಡೆಯಿಂದ ಹೂಳಬೇಕು, ನಮ್ಮ ಅಜ್ಜ ಹುಲ್ಲಿನ ಬಣವೆಗೆ ಹೇಗೆ ಟಾರ್ಪಾಲು ಕಟ್ಟುತ್ತಿದ್ದ ಎಂದು ತಿಳಿಸುತ್ತಿದ್ದೆ. ಮೇಸ್ತ್ರಿ ಕೆಲಸ ನಿಲ್ಲಿಸಿ ಭಾವನನ್ನು ಕೇಳಿದ, “ಇವರು ಯಾರು ಸರ್, ಇನ್ಸ್‌ಪೆಕ್ಟರಾ?”

“ನನ್ನ ಭಾಮೈದ,” ಎಂದ ಭಾವ. “ಮಾತಾಡ್ತಾನೆ. ನೀವು ನಿಮ್ಮ ಕೆಲಸ ನೋಡಿ.”